ಅಂಗಳದ ಕೆಂಪು ಎಣ್ಣೆ

ಮನೆಯಲ್ಲಿ ಉರ್ದು ಮಾತಾಡುವ ತರನ್ನುಮ ಸಿಟ್ಟು ಬಂದರೆ ಕನ್ನಡಕ್ಕೆ ಬರುತ್ತಾಳೆ. ಆ ಮಳೆಗಾಲವೆಲ್ಲ ಆಕೆ ಕನ್ನಡದಲ್ಲೇ ಇದ್ದಳು.

ಸವಣೂರಿನಲ್ಲಿ ಖಾರಾ ಎಂಬ ಕರಿದ ತಿಂಡಿ ಮಾಡಿಸಿ, ಪಾಕೀಟು ಕಟ್ಟಿಸಿ, ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರಿನ ಅಂಗಡಿಗಳಿಗೆ ಹಾಕಿ ಬರುವುದು ಆಕೆಯ ಕಸುಬು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸೊರಗಿತ್ತು. ಹೀಗಾಗಿ ಎಲ್ಲಿಗೆ ಹೋಗಬೇಕಾದರೂ ಮೊದಲು ಅಪ್ಪನ ಸೈಕಲ್ಲು, ಆಮೇಲೆ ತಮ್ಮ ಮುಸ್ತಾಕನ ಬೈಕು ಕಾಯಬೇಕು. "ಇವತ್ತ ಆಗಂಗಿಲ್ಲ ಆಪಾ" ಎಂದು ಅವನು ಮಗ್ಗುಲು ಬದಲಿಸಿದರೆ ಅವತ್ತಿನ ಖಾರಾ ಮನೆಯಲ್ಲೇ ಮೆತ್ತಗಾಗಬೇಕು. ಹುಬ್ಬಳ್ಳಿಯ ಡಾಕ್ಟರೊಬ್ಬರ ಹಳೆಯ ಅಟೊಮ್ಯಾಟಿಕ್ ಕಾರು ಕೊಂಡ ಮೇಲೆ ಆ ಕಾಯುವಿಕೆ ಮುಗಿಯಿತು. ಅದಕ್ಕೆ ಕ್ಲಚ್ ಇಲ್ಲ, ಗೇರು ತಾನೇ ಬೀಳುತ್ತದೆ, ಬಲಗಾಲೊಂದಿದ್ದರೆ ಸಾಕು. ಮೊದಲ ಸಲ ಒಬ್ಬಳೇ ಹಿರೇಕೆರೂರಿಗೆ ಹೊರಟಾಗ ಹಂಸಭಾವಿಯಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದಳು. ಚಹಾ ಬೇಕಾಗಿರಲಿಲ್ಲ. ಯಾರನ್ನೂ ಕೇಳದೆ ಒಂದು ಕಡೆ ನಿಲ್ಲಬೇಕಾಗಿತ್ತು, ನಿಂತಳು.

ಅಂಥ ಕಾರು ಈಗ ಕೈಕೊಡತೊಡಗಿತ್ತು. ಹಾನಗಲ್ಲಿನಿಂದ ಬರುವಾಗ ಏರಿನಲ್ಲಿ ಎಂಜಿನ್ ಹೋ ಎಂದು ಅರಚಿತು, ಗಾಡಿ ಮಾತ್ರ ನಿಂತಲ್ಲೇ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಅವಳ ವಂಶವನ್ನೆಲ್ಲ ನೆನೆದು ಹೋದ. ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟರೆ ಏನೂ ಆಗದಂತೆ ಹೊರಟಿತು. ಅಲ್ಲಿಂದ ಮುಂದೆ ದಿನವೂ ಅದೇ ಪಾಡು: ಬೆಳಿಗ್ಗೆ ಚೆನ್ನ, ಕಾದ ಮೇಲೆ ಗೇರು ಹಿಡಿಯದು.

ಊರು ದಾಟಿ ಶಿಗ್ಗಾವಿ ರಸ್ತೆಯಲ್ಲಿ ಒಂದು ಹರದಾರಿ ಹೋದರೆ ಗುದ್ಲೆಪ್ಪನ ಗ್ಯಾರೇಜು. ಅವನು ಟ್ರ್ಯಾಕ್ಟರ್ ರಿಪೇರಿಯಿಂದ ಕಾರಿಗೆ ಬಂದವನು. ಈ ಸೀಮೆಯಲ್ಲಿ ಎಲ್ಲರೂ ಟ್ರ್ಯಾಕ್ಟರಿಗೆ ಮಾಡುವ ಹಾಗೆಯೇ ಅವನೂ ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿಕೊಂಡು, ಬೆಳಿಗ್ಗೆ ಚಾಲೂ ಮಾಡುವ ಮುಂಚೆ ಅಳತೆಯ ಕಡ್ಡಿ ಎಳೆದು ಗೇರ್‌ಬಾಕ್ಸಿನ ಎಣ್ಣೆ ನೋಡಿದ.

"ಎಣ್ಣಿ ಬರೋಬ್ಬರಿ ಐತಿ. ಗೇರ್‌ಬಾಕ್ಸ್ ಸತ್ತೈತಿ. ಬಿಚ್ಚಿದ್ರ ಸಾಮಾನು ಸಿಗಂಗಿಲ್ಲ, ಗುಜರಿಗೆ ಹಾಕ್ರಿ. ಹೆಣ್ಮಕ್ಕಳು ಹೊಡದ್ರ ಹಿಂಗ ಆಕ್ಕೈತಿ."

ಕೇಳಿದವಳು ತರನ್ನುಮ. ಉತ್ತರ ಹೋದದ್ದು ಪಕ್ಕದಲ್ಲಿದ್ದ ಮುಸ್ತಾಕನ ಮುಖಕ್ಕೆ. ಗಾಡಿ ಇವಳದು, ಓಡಿಸುವವಳು ಇವಳು, ಮಾತಿಗೆ ಮಾತ್ರ ಗಂಡಸು ಬೇಕು! ಅವಳಿಗೆ ಅಲ್ಲೇ ಬಿದ್ದಿದ್ದ ಕಬ್ಬಿಣದ ಪಾನಾ ಎತ್ತಿ ಗುದ್ಲೆಪ್ಪನ ಕಾಲ ಮೇಲೆ ಹಾಕುವಷ್ಟು ಸಿಟ್ಟು ಬಂತು.

ಗಾಡಿಯನ್ನು ಮನೆಗೆ ತಂದರು. ಮುಸ್ತಾಕ ಸಂಜೆಯೊಳಗೆ ಬಂಕಾಪುರದ ಗುಜರಿಯವನನ್ನು ಗೊತ್ತುಮಾಡಿಬಿಟ್ಟ.

"ಶುಕ್ರವಾರ ನಮಾಜ್ ಮುಗಿಸಿ ಬರ್ತಾನ. ನೀ ಮನ್ಯಾಗ ಆರಾಮ ಇರು ಆಪಾ, ಖಾರಾ ನಾ ಹಾಕಿ ಬರ್ತೇನಿ."

ಆರಾಮ! ಬೆಂಕಿ ಬೀಳಲಿ ಆ ಆರಾಮಕ್ಕೆ. ಆಕೆ ಹುಟ್ಟಿದಾಗಿನಿಂದ ಎಲ್ಲರೂ ಅದೊಂದನ್ನೇ ಕೈತುಂಬ ಕೊಟ್ಟವರು. ಕಾರು ಹೋಯಿತೆಂದರೆ ಮತ್ತೆ ಹೊಸ್ತಿಲಲ್ಲಿ ಕೂತು ಇನ್ನೊಬ್ಬರ ಬೈಕಿನ ಸದ್ದಿಗೆ ಕಿವಿ ಕೊಡುವ ಬಾಳು.

ಮರುದಿನ ಬೆಳಿಗ್ಗೆ ಅಂಗಳದ ಕಲ್ಲು ತೊಳೆಯುವಾಗ ಕಾರು ನಿಲ್ಲುವ ಜಾಗದಲ್ಲಿ ಕೆಂಪು ಎಣ್ಣೆಯ ಕಲೆ ಕಂಡಿತು. ಹೊಸದೇನಲ್ಲ, ಎಷ್ಟೋ ದಿನದಿಂದ ಇತ್ತು. ಖಾರಾದ ಎಣ್ಣೆ ಪಾಕೀಟಿನಿಂದ ಸೋರುತ್ತದೆ ಎಂದುಕೊಂಡು ಪಾಕೀಟು ಕಟ್ಟುವ ಮಾಬೂಬಿಯನ್ನು ನಾಲ್ಕು ಹೆಂಗಸರ ಎದುರು ವಾಚಾಮಗೋಚರ ಬೈದಿದ್ದಳು. ಮಾಬೂಬಿ ಕಣ್ಣೊರೆಸಿಕೊಂಡು ಕೆಲಸ ಬಿಟ್ಟು ಹೋಗಿದ್ದಳು. ಆದರೆ ಖಾರಾ ಇಡುವುದು ಹಿಂದಿನ ಸೀಟಿನಲ್ಲಿ, ಕಲೆ ಇದ್ದದ್ದು ಮುಂಭಾಗದ ಕೆಳಗೆ. ಅದೂ ಅಲ್ಲದೆ ವಾರದಿಂದ ಗಾಡಿಗೆ ಒಂದು ಪಾಕೀಟೂ ಏರಿಲ್ಲ, ಕಲೆ ಮಾತ್ರ ಹಸಿಯಾಗಿದೆ.

ತರನ್ನುಮ ಗೋಡೆ ಹಿಡಿದು ಬಗ್ಗಿ, ಬೆರಳದ್ದಿ ಮೂಸಿದಳು. ಮೆಣಸಿನಕಾಯಿಯ ಘಾಟಿಲ್ಲ, ಬೆಳ್ಳುಳ್ಳಿಯ ವಾಸನೆಯಿಲ್ಲ. ಏನೋ ಸುಟ್ಟ ಕಮಟು.

ಆಗ ಡಾಕ್ಟರು ನೆನಪಾದರು. ಕಾರು ಕೊಡುವ ದಿನ ಅವರು ಊರೆಲ್ಲ ಒಂದು ಸುತ್ತು ಹಾಕಿ ಬಂದು, ಎಂಜಿನ್ ಚಾಲೂ ಇರುವಾಗಲೇ ಕಡ್ಡಿ ಎಳೆದು ತೋರಿಸಿದ್ದರು. ದೊಡ್ಡವರ ಹುಚ್ಚಾಟ ಎಂದುಕೊಂಡು ಸುಮ್ಮನಾಗಿದ್ದಳು.

"ಏಳು, ಗಾಡಿ ಹತ್ತು. ನಿಂತ್ರ ನೂಕಾಕ ಬೇಕು," ಎಂದು ಮುಸ್ತಾಕನನ್ನು ಎಬ್ಬಿಸಿದಳು. ಬೇಕೆಂದೇ ಬಂಕಾಪುರದ ಕಡೆಯಿಂದ ಸುತ್ತಿ, ಗಾಡಿ ಚೆನ್ನಾಗಿ ಕಾದು ಅರಚಲು ಶುರುವಾದ ಮೇಲೆ ಗ್ಯಾರೇಜಿಗೆ ತಂದು ನಿಲ್ಲಿಸಿದಳು.

"ಈಗ ಕಡ್ಡಿ ಎಳೀರಿ. ಎಂಜಿನ್ ಬಂದ್ ಮಾಡಬ್ಯಾಡ್ರಿ."

ಗುದ್ಲೆಪ್ಪ ನಕ್ಕ. "ಚಾಲೂ ಗಾಡಿದು ಎಣ್ಣಿ ಯಾರರ ನೋಡ್ತಾರೇನ್ರಿ ಅಕ್ಕಾರ?"

"ನಾ ನೋಡ್ತೇನಿ. ಎಳೀತೀರೋ, ನಾನ ಇಳಿದು ಎಳೀಲೋ?"

ಎಳೆದ. ಕಡ್ಡಿಯ ತುದಿ ಒಣಗಿತ್ತು. ಒರೆಸಿ ಮತ್ತೆ ಇಳಿಬಿಟ್ಟು ಎಳೆದ, ಹಾಗೇ ಇತ್ತು. ಎಂಜಿನ್ ನಿಂತಾಗ ಮೇಲಿನ ಎಣ್ಣೆಯೆಲ್ಲ ಇಳಿದು ತಳದಲ್ಲಿ ಕೂಡುತ್ತದೆ, ಕಡ್ಡಿಗೆ ತುಂಬಿದಂತೆ ಕಾಣುತ್ತದೆ. ಓಡುವಾಗ ಗೇರು ಹಿಡಿಯುವುದೇ ಆ ಎಣ್ಣೆಯ ಒತ್ತಡದಿಂದ. ಎಣ್ಣೆಯೇ ಸಾಲದಿದ್ದರೆ ಅದು ಏನನ್ನು ಹಿಡಿದೀತು? ಗುದ್ಲೆಪ್ಪನ ನಗು ಇಳಿಯಿತು. ಗೋಣಿತಟ್ಟು ಹಾಸಿಕೊಂಡು ಗಾಡಿಯ ಕೆಳಗೆ ಹೋದವನು ಬಹಳ ಹೊತ್ತಿನ ಮೇಲೆ ಹೊರಗೆ ಬಂದ.

"ರೇಡಿಯೇಟರಿಗೆ ಹೋಗೋ ಎಣ್ಣಿ ಪೈಪ್ ಜಜ್ಜಿ ಸೀಳೈತ್ರಿ. ಇದು ಸವದದ್ದಲ್ಲ. ಯಾರೋ ಸರಪಳಿ ಕಟ್ಟಿ ಎಳದಾರ. ಕೊಂಡಿ ಗುರ್ತು ಹಂಗ ಕುಂತೈತಿ."

ಈ ಸಲ ಅವನು ಹೇಳಿದ್ದು ತರನ್ನುಮಳ ಮುಖ ನೋಡಿ. ಆಕೆ ನೋಡಿದ್ದು ಮುಸ್ತಾಕನನ್ನು. ಅವನು ತನ್ನ ಚಪ್ಪಲಿ ನೋಡುತ್ತಿದ್ದ.

"ಮುಸ್ತಾಕ್. ಕನ್ನಡದಾಗ ಕೇಳಾಕತ್ತೇನಿ. ಬೊಗಳು."

ಬೊಗಳಿದ. ಆಕೆ ಜ್ವರದಲ್ಲಿ ಮಲಗಿದ್ದಾಗ ಕೀಲಿ ಎತ್ತಿಕೊಂಡು ಗೆಳೆಯನ ಮದುವೆಗೆಂದು ಆಡೂರಿಗೆ ಒಯ್ದಿದ್ದ. ಹೊಲದ ಕೆಸರಿನಲ್ಲಿ ಸಿಕ್ಕಿಕೊಂಡಿತು. ಯಾರದೋ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ, ಕೈಗೆ ಸಿಕ್ಕಲ್ಲಿ ಕೊಂಡಿ ಹಾಕಿ, ಎಲ್ಲರೂ ಕೂಗು ಹಾಕುತ್ತ ಎಳೆದಿದ್ದರು.

"ಹೇಳಿದ್ರ ನೀ ಮತ್ತ ಕೀಲಿ ಕೊಡ್ತಿದ್ದಿಲ್ಲ."

"ಅದಕ್ಕ ಗಾಡೀನ ಗುಜರಿಗೆ ಹಾಕಾಕ ಹೊಂಟಿದ್ದಿ?"

ತನ್ನ ಒಂದು ಸುಳ್ಳು ಮುಚ್ಚಲು ಅಕ್ಕನ ಕಾಲನ್ನೇ ಗುಜರಿಯ ತೂಕಕ್ಕೆ ಹಾಕಲು ಹೊರಟಿದ್ದ.

ಗಾಡಿ ಗ್ಯಾರೇಜಿನಲ್ಲೇ ಉಳಿಯಿತು, ಗುಜರಿಯವನಿಗೆ ಬರಬೇಡವೆಂದು ಮುಸ್ತಾಕನೇ ಹೇಳಿ ಕಳಿಸಿದ. ಹುಬ್ಬಳ್ಳಿಯಿಂದ ಪೈಪು, ಕೆಂಪು ಎಣ್ಣೆ ಬಂದವು. ಶುಕ್ರವಾರ ಅಕ್ಕ ತಮ್ಮ ಟಂಟಂ ರಿಕ್ಷಾ ಹತ್ತಿ ಗ್ಯಾರೇಜಿಗೆ ಹೋದರು. ಗುದ್ಲೆಪ್ಪ ಎಂಜಿನ್ ಚಾಲೂ ಇಟ್ಟೇ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಆಕೆಯ ಕಣ್ಣ ಮುಂದೆ ಹಿಡಿದ. "ಒಳಗ ಸ್ವಲ್ಪ ಸವದಿರಬಹುದು ಅಕ್ಕಾರ, ಆದ್ರ ಓಡ್ತೈತಿ," ಎಂದ. ತರನ್ನುಮ ದೂರದ ಏರಿನವರೆಗೆ ಓಡಿಸಿ, ಕಾಯಿಸಿಕೊಂಡು ಮರಳಿದಳು. ಎಲ್ಲೂ ಅರಚಲಿಲ್ಲ, ಗೇರು ಬಿಗಿಯಾಗಿ ಹಿಡಿಯಿತು.

ಮುಸ್ತಾಕ ಇನ್ನೊಂದು ಬಾಗಿಲು ತೆರೆದು ಕಾಲಿಟ್ಟ.

"ಇಳಿ."

"ಆಪಾ, ಬಿಸಿಲು..."

"ನಾ ಮಾಬೂಬಿ ಮನಿಗೆ ಹೊಂಟೇನಿ. ಬೈದಾಕಿ ನಾನು, ನಾಕ್ ಮಂದಿ ಮುಂದ ಮಾಫಿ ಕೇಳಾಕಿನೂ ನಾನ. ನೀ ನಡಕೊಂಡ ಬಾ. ನಿನ್ನ ಎರಡೂ ಕಾಲು ನೆಟ್ಟಗ ಅದಾವಲ್ಲ."

ಬಲಗಾಲು ಒತ್ತಿದಳು. ಕಾರು ಹೊರಟಿತು.