ನನ್ನ ಬರಹವನ್ನೇ ನಾನು ಕದ್ದದ್ದು

ರಾಬರ್ಟ್‌ಸನ್‌ಪೇಟೆಯ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಮನೆ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ. ಮಕ್ಕಳು ತಮ್ಮ ಪಾಡಿಗೆ ತಾವು ಸ್ಕೂಲಿಗೆ ಹೋಗುವಷ್ಟು ದೊಡ್ಡವರಾದ ಮೇಲೆ, ಇನ್ನೂ ತಡಮಾಡಿದರೆ ಆಗುವುದೇ ಇಲ್ಲವೆಂದು ಪಿಎಚ್.ಡಿ.ಗೆ ಸೇರಿದೆ. ವಿಷಯಕ್ಕಾಗಿ ದೂರ ಹುಡುಕಬೇಕಾಗಿರಲಿಲ್ಲ. ಊರಿಗಾಂನಲ್ಲಿ ಚಿನ್ನದ ಗಣಿಯವರಿಗೆಂದು ಕಟ್ಟಿದ ಲೈನ್‌ಮನೆಗಳ ಹೆಂಗಸರು ಒಂದೇ ವಾಕ್ಯದೊಳಗೆ ತಮಿಳು, ತೆಲುಗು, ಕನ್ನಡ ಮೂರನ್ನೂ ಬೆರೆಸಿ ಮಾತಾಡುವುದನ್ನು ದಿನಾ ಬಸ್ಸಿನಲ್ಲಿ ಕೇಳುತ್ತಿದ್ದೆ. ಲೆಕ್ಕಾಚಾರಕ್ಕೆ ಒಂದು ಭಾಷೆ, ಬೈಗುಳಕ್ಕೆ ಇನ್ನೊಂದು, ಮಗುವನ್ನು ಮಲಗಿಸಲು ಮತ್ತೊಂದು. ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಬೆಳೆದ ಈ ಮಾತನ್ನು, ಆಡುವವರು ಇರುವಾಗಲೇ ಬರೆದಿಡಬೇಕು ಅನ್ನಿಸಿತ್ತು.

ಸಂಶೋಧನೆಗೆ ಕೈಹಾಕುವ ಮುಂಚೆ ಕೋರ್ಸ್‌ವರ್ಕ್ ಅಂತ ಒಂದಿರುತ್ತದೆ. ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂತು ಪಾಠ ಕೇಳಬೇಕು, ಪ್ರಬಂಧ ಒಪ್ಪಿಸಬೇಕು, ಪರೀಕ್ಷೆ ಬರೆದು ಪಾಸಾಗಬೇಕು. ಒಂದೊಂದು ಪೇಪರಿಗೂ ಇಷ್ಟು ಕ್ರೆಡಿಟ್ ಎಂದು ಲೆಕ್ಕ. ಅದನ್ನೆಲ್ಲ ಮೊದಲ ವಿಶ್ವವಿದ್ಯಾಲಯದಲ್ಲಿ ಮುಗಿಸಿದೆ, ಒಳ್ಳೆಯ ಅಂಕಗಳೂ ಬಂದವು. ಆ ಖುಷಿ ಆರುವ ಮೊದಲೇ ನನ್ನ ಮಾರ್ಗದರ್ಶಕರು ನಿವೃತ್ತರಾದರು. ವಿಭಾಗದಲ್ಲಿ ಉಳಿದವರ ಬಳಿ ಹೊಸಬರನ್ನು ತೆಗೆದುಕೊಳ್ಳಲು ಜಾಗವಿರಲಿಲ್ಲ.

"ಇನ್ನೊಂದು ವಿಶ್ವವಿದ್ಯಾಲಯದಲ್ಲಿ ನಿಮ್ಮ ವಿಷಯ ಬಲ್ಲ ಪ್ರಾಧ್ಯಾಪಕಿ ಇದ್ದಾರೆ, ಅಲ್ಲಿಗೆ ವರ್ಗ ಮಾಡಿಸ್ಕೊಳ್ಳಿ. ಕೋರ್ಸ್‌ವರ್ಕ್ ಹೇಗೂ ಮುಗಿದಿದೆಯಲ್ಲ, ತೊಂದರೆ ಏನಿಲ್ಲ" ಅಂದರು ಮಾರ್ಗದರ್ಶಕರು. ಒಳ್ಳೆಯ ಮನುಷ್ಯ. ಅವರು ಕಚೇರಿಯ ಕಿಟಕಿಯೆದುರು ವಿದ್ಯಾರ್ಥಿಯಾಗಿ ನಿಂತದ್ದು ಯಾವ ಕಾಲದಲ್ಲೋ.

ಪ್ರಾಧ್ಯಾಪಕಿ ಸಂತೋಷದಿಂದ ಒಪ್ಪಿಕೊಂಡರು. ಒಪ್ಪದೇ ಇದ್ದದ್ದು ಪಿಎಚ್.ಡಿ. ವಿಭಾಗದ ಸೂಪರಿಂಟೆಂಡೆಂಟ್. ನನ್ನ ಹಳೆಯ ಅಂಕಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು.

"ನಿಮ್ಮದು ಮೂರು ಪೇಪರು. ನಮ್ಮಲ್ಲಿ ನಾಲ್ಕು."

"ಒಟ್ಟು ಕ್ರೆಡಿಟ್ ಅಷ್ಟೇ ಇದೆಯಲ್ಲ ಸಾರ್?"

"ಒಟ್ಟು ಅಷ್ಟೇ ಇದೆ. ಆದ್ರೆ ಸಂಶೋಧನಾ ನೀತಿ ಅನ್ನೋ ಪೇಪರ್ ಎಲ್ಲಿದೆ ಇದರಲ್ಲಿ?"

ಆ ಪಾಠವೆಲ್ಲ ಹಳೆಯ ಕಡೆ ಮೊದಲನೇ ಪೇಪರಿನ ಒಂದು ಘಟಕವಾಗಿ ಬಂದಿತ್ತು ಎಂದು ವಿವರಿಸಿದೆ. ಬೇರೊಬ್ಬರ ಬರಹ ಕದಿಯಬಾರದು, ಹೇಳಿದವರ ಒಪ್ಪಿಗೆಯಿಲ್ಲದೆ ಅವರ ಮಾತು ಬಳಸಬಾರದು, ಎಲ್ಲ ಓದಿದ್ದೇನೆ, ಪರೀಕ್ಷೆಯಲ್ಲೂ ಬರೆದಿದ್ದೇನೆ ಅಂದೆ.

"ಓದಿರ್ತೀರಿ ಮೇಡಂ, ಇಲ್ಲ ಅನ್ನಲ್ಲ. ಇದರಲ್ಲಿ ಆ ಹೆಸರಿಲ್ಲವಲ್ಲ?"

ಹಳೆಯ ಸಿಲಬಸ್ಸಿಗೆ ಅಲ್ಲಿಯ ಕಚೇರಿಯ ಮೊಹರು ಹಾಕಿಸಿ ತನ್ನಿ, ಎರಡೂ ಕಡೆಯ ಓದು ಸಮವೇ ಎಂದು ನೋಡುವ ತತ್ಸಮಾನ ಸಮಿತಿಯ ಮುಂದೆ ಇಡೋಣ ಅಂದರು. ಕಾಲೇಜಿಗೆ ರಜೆ ಹಾಕಿ, ಬಂಗಾರಪೇಟೆಯಲ್ಲಿ ರೈಲು ಹತ್ತಿ, ನೌಕರಿಗೆ ಹೋಗುವವರ ನಡುವೆ ನಿಂತೇ ಪ್ರಯಾಣಮಾಡಿ ಹಳೆಯ ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿದ್ದ ಗುಮಾಸ್ತೆ ಸಿಲಬಸ್ಸನ್ನು ಮುಟ್ಟಲೂ ಇಲ್ಲ.

"ಇದು ಹಳೇದು ಮೇಡಂ, ಈಗ ಬದಲಾಗಿದೆ. ಚಾಲ್ತಿಯಲ್ಲಿ ಇಲ್ಲದ್ದಕ್ಕೆ ಮೊಹರು ಹಾಕೋ ಹಾಗಿಲ್ಲ. ಬೇಕಾದ್ರೆ ಹೊಸದಕ್ಕೆ ಹಾಕಿಕೊಡ್ತೀನಿ."

"ನಾನು ಹೊಸದನ್ನ ಓದಿಲ್ಲವಲ್ಲಮ್ಮ?"

"ಅದಕ್ಕೆ ನಾನೇನು ಮಾಡ್ಲಿ?"

ಆಮೇಲೆ ತಿಂಗಳುಗಟ್ಟಲೆ ಇದೇ ಕೆಲಸ. ಹೊಸ ವಿಶ್ವವಿದ್ಯಾಲಯದವರು ತಮಗೆ ಬರೆದು ಕೇಳಬೇಕು ಎಂದು ಹಳೆಯ ಕಡೆಯವರು, ಹಳೆಯ ಕಡೆಯವರು ತಾವಾಗಿಯೇ ಕೊಡಬೇಕು ಎಂದು ಹೊಸ ಕಡೆಯವರು. ಒಂದು ಕಡೆ ಸಹಿ ಮಾಡುವ ಸಾಹೇಬರು ರಜೆಯಲ್ಲಿದ್ದರೆ ಇನ್ನೊಂದು ಕಡೆ ಸಭೆ ಮುಂದೆ ಹೋಗಿರುತ್ತಿತ್ತು. ಕೋರ್ಸ್‌ವರ್ಕ್ ಮಾನ್ಯವಾಗುವವರೆಗೆ ಕ್ಷೇತ್ರಕಾರ್ಯ ಶುರುಮಾಡುವಂತಿಲ್ಲ. ಊರಿಗಾಂನಲ್ಲಿ ನನಗೆ ಮಾತು ಹೇಳಲು ಒಪ್ಪಿದ್ದ ಒಬ್ಬ ಅಜ್ಜಿ ಅಷ್ಟರಲ್ಲಿ ಮಗಳ ಮನೆಗೆಂದು ತಮಿಳುನಾಡಿನ ಕಡೆ ಹೊರಟುಹೋದರು. ಅವರು ಹೋದ ವಿಷಯ ಬಸ್ಸಿನಲ್ಲಿ ಯಾರೋ ಹೇಳಿದಾಗ ನನಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ನಾನು ಪಾತ್ರೆಗಳನ್ನು ಕುಕ್ಕುತ್ತಿದ್ದ ಸದ್ದಿಗೆ, ಹಸು ಕರೆದು ಒಳಗೆ ಬಂದ ನಮ್ಮತ್ತೆ ಕೇಳಿದರು.

"ಏನಾಯ್ತು ಕಣಮ್ಮಾ? ಪಾಸಾಗಿದ್ದೀನಿ ಅಂದಿದ್ದೆ?"

"ಪಾಸಾಗಿದ್ದೀನಿ ಅತ್ತೆ. ಅಲ್ಲಿ ಪಾಸಾಗಿದ್ದು ಇಲ್ಲಿ ನಡೆಯಲ್ಲವಂತೆ."

"ಅದೆಂಗೆ? ಈ ಡೈರಿಗೆ ಉಯ್ದ್ರೂ ಆಲೇ, ಆ ಡೈರಿಗೆ ಉಯ್ದ್ರೂ ಆಲೇ."

"ಡೈರಿಲೂ ಅಳತೆ ಮಾಡಿ ನೋಡ್ತಾರಲ್ಲ ಅತ್ತೆ, ಜಿಡ್ಡು ಎಷ್ಟಿದೆ, ನೀರು ಎಷ್ಟಿದೆ ಅಂತ."

"ನೋಡ್ಲಿ, ಬ್ಯಾಡ ಅಂದೋರ್ಯಾರು? ಓಗಿ ಇನ್ನೊಂದ್ ಕಿತಾ ಆಲ್ ಕರ್ಕೊಂಬಾ ಅಂತಾರಾ?"

ಕೊನೆಗೆ ಕಾಗದಗಳು ಹೇಗೋ ಸಮಿತಿಯ ಮುಂದೆ ಹೋದಾಗ ಅವರು ಹಾಗೆಯೇ ಅಂದರು. ಮೂರು ಪೇಪರು ನಾಲ್ಕಕ್ಕೆ ಹೊಂದಿಕೊಳ್ಳುವುದಿಲ್ಲ, ಅರ್ಧಂಬರ್ಧ ಒಪ್ಪಲು ನಿಯಮವಿಲ್ಲ, ಆದ್ದರಿಂದ ಕೋರ್ಸ್‌ವರ್ಕನ್ನು ಪೂರ್ತಿ ಹೊಸದಾಗಿ ಮಾಡಬೇಕು ಎಂದಿತು ಸಮಿತಿ. ಬೇಕಿದ್ದರೆ ಮರುಪರಿಶೀಲನೆಗೆ ಅರ್ಜಿ ಹಾಕಬಹುದು ಅಂದರು. ಹಾಕಿದೆ. ಜೊತೆಗೆ, ಅದನ್ನು ನಂಬಿ ಕೂರಬಾರದೆಂದು ತರಗತಿಗೂ ಸೇರಿದೆ.

ಮೊದಲ ಶನಿವಾರ ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ. ಸುತ್ತ ನನ್ನ ವಿದ್ಯಾರ್ಥಿಗಳ ವಯಸ್ಸಿನವರೇ. ಪಾಠ ಮಾಡಲು ಒಳಗೆ ಬಂದ ಮೇಷ್ಟ್ರು ನನ್ನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ನೋಡಿದರೆ, ಅವನು ನನ್ನ ಹಳೆಯ ವಿದ್ಯಾರ್ಥಿ! ರಾಬರ್ಟ್‌ಸನ್‌ಪೇಟೆಯ ಕಾಲೇಜಿನಲ್ಲಿ ನನ್ನ ಹತ್ತಿರ ಹಳಗನ್ನಡ ಓದಿದವನು. ಮನೆಮಾತು ತಮಿಳಾದರೂ ಷಟ್ಪದಿಯನ್ನು ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ. ಈಗ ಸಹಾಯಕ ಪ್ರಾಧ್ಯಾಪಕ.

ನಾನು ಎದ್ದು ನಿಂತೆ. ಅವನ ಮುಖ ಕೆಂಪಾಯಿತು.

"ಅಯ್ಯೋ, ಕೂತ್ಕೊಳಿ ಮೇಡಂ. ನೀವು ನಿಂತ್ರೆ ನನಗೆ ಬಾಯೇ ಬರಲ್ಲ."

ತರಗತಿ ಮುಗಿದ ಮೇಲೆ ಹಿಂದೆಯೇ ಬಂದ. "ನೀವು ಬರ್ಬೇಡಿ ಮೇಡಂ. ಹಾಜರಿ ನಾನು ನೋಡ್ಕೋತೀನಿ. ನಿಮಗೆ ನಾನು ಪಾಠ ಮಾಡೋದಾ?"

"ನೀನು ಇವತ್ತು ಮಾಡಿದ್ದೇ ಸಂಶೋಧನಾ ನೀತಿಯ ಪಾಠ. ಸುಳ್ಳು ಹಾಜರಿ ಹಾಕ್ತೀನಿ ಅಂತೀಯಲ್ಲೋ?" ಅಂದೆ. ಇಬ್ಬರೂ ನಕ್ಕೆವು. ಆಮೇಲೆ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ನಿಜ ಹೇಳಬೇಕೆಂದರೆ ಅವನು ಚೆನ್ನಾಗಿಯೇ ಪಾಠ ಮಾಡುತ್ತಿದ್ದ. ಆದರೆ ಪಾಠ ಚೆನ್ನಾಗಿದ್ದ ಮಾತ್ರಕ್ಕೆ, ಗೊತ್ತಿರುವುದನ್ನೇ ಮತ್ತೆ ಕೇಳುವ ಬೇಸರ ಹೋಗುವುದಿಲ್ಲ.

ನಡುವೆ ಒಂದು ಪ್ರಬಂಧ ಒಪ್ಪಿಸಬೇಕಿತ್ತು. ನಮ್ಮ ನಮ್ಮ ಸಂಶೋಧನಾ ವಿಷಯದ ಮೇಲೆ ಈವರೆಗೆ ಯಾರು ಏನು ಬರೆದಿದ್ದಾರೆಂಬ ಸಮೀಕ್ಷೆ. ಇದನ್ನೇ ಹಳೆಯ ವಿಶ್ವವಿದ್ಯಾಲಯದಲ್ಲೂ ಬರೆಸಿದ್ದರು. ನನ್ನ ವಿಷಯವೂ ಅದೇ, ಓದಿದ ಪುಸ್ತಕಗಳೂ ಅವೇ. ಇವರು ಆ ಕೋರ್ಸ್‌ವರ್ಕನ್ನು ಲೆಕ್ಕಕ್ಕೇ ಹಿಡಿದಿಲ್ಲವೆಂದ ಮೇಲೆ ಆ ಪ್ರಬಂಧವೂ ಎಲ್ಲಿಯೂ ಸಂದಿಲ್ಲವೆಂದೇ ಅರ್ಥವಲ್ಲವೇ? ಒಂದಿಷ್ಟು ತಿದ್ದಿ, ಹೊಸದಾಗಿ ಬಂದ ಲೇಖನಗಳನ್ನು ಸೇರಿಸಿ ಕೊಟ್ಟೆ.

ಮುಂದಿನ ವಾರ ಪಾಠ ಮಾಡುವ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು, ಹೇಗೆ ಶುರುಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ.

"ಮೇಡಂ, ಪ್ರಬಂಧಗಳನ್ನೆಲ್ಲ ಕೃತಿಚೌರ್ಯ ತಪಾಸಣೆಗೆ ಹಾಕ್ತಾರೆ, ಲೈಬ್ರರಿಯಲ್ಲಿ. ನಿಮ್ಮದು... ಬಹುಪಾಲು ನಕಲು ಅಂತ ಬಂದಿದೆ."

"ಯಾರ ಬರಹದ ನಕಲಂತೆ?"

"ನಿಮ್ಮದೇ ಮೇಡಂ."

ಹಳೆಯ ವಿಶ್ವವಿದ್ಯಾಲಯದವರು ನನ್ನ ಪ್ರಬಂಧವನ್ನು ಕಂಪ್ಯೂಟರಿಗೆ ಏರಿಸಿದ್ದರಂತೆ. ಹೊಸ ವಿಶ್ವವಿದ್ಯಾಲಯದ ತಪಾಸಣೆ ಅದನ್ನು ಹುಡುಕಿ ತೆಗೆದು, ಸಾಲು ಸಾಲಿಗೂ ಕೆಂಪು ಬಳಿದು, ಎರಡೂ ಒಂದೇ ಎಂದು ಹೇಳಿತ್ತು.

ನಾನು ಆ ವರದಿಯನ್ನು ಕೈಯಲ್ಲಿ ಹಿಡಿದು ನೇರ ಸೂಪರಿಂಟೆಂಡೆಂಟರ ಮೇಜಿಗೆ ಹೋದೆ.

"ಸಾರ್, ನಾನು ಅಲ್ಲಿ ಓದಿದ್ದು ನಿಮ್ಮದಕ್ಕೆ ಸಮ ಅಲ್ಲ ಅಂದ್ರಿ. ಈಗ ನಿಮ್ಮ ಲೈಬ್ರರಿಯವರು, ಅಲ್ಲಿ ಬರೆದದ್ದೂ ಇಲ್ಲಿ ಬರೆದದ್ದೂ ಒಂದೇ ಅಂತಿದ್ದಾರೆ. ಸಮ ಅಲ್ಲದಿದ್ರೆ ಇದು ನಕಲು ಹೇಗಾಗುತ್ತೆ? ನಕಲಾದ್ರೆ ಅದು ಸಮ ಯಾಕಲ್ಲ?"

ನನ್ನ ದನಿ ಏರಿತ್ತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಸೂಪರಿಂಟೆಂಡೆಂಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ವರದಿಯನ್ನು ಓದಿದರು.

"ನೀವು ಹೇಳೋದು ಸರಿ ಮೇಡಂ," ಅಂದರು ನಿಧಾನವಾಗಿ. "ಆದ್ರೆ ಅದು ಲೈಬ್ರರಿ, ಇದು ಪಿಎಚ್.ಡಿ. ವಿಭಾಗ."

ಆದರೂ ವರದಿಯ ಪ್ರತಿಯನ್ನು ನನ್ನ ಮರುಪರಿಶೀಲನೆಯ ಅರ್ಜಿಗೆ ಸೇರಿಸಿಕೊಂಡರು. ಪಾಠ ಮಾಡುವ ಹುಡುಗನೂ ನನ್ನ ಪರವಾಗಿ ಒಂದು ಟಿಪ್ಪಣಿ ಬರೆದುಕೊಟ್ಟ. ಅರ್ಜಿಯ ತೀರ್ಮಾನಕ್ಕೆ ಕಾಯುವಂತಿರಲಿಲ್ಲ, ಪ್ರಬಂಧವನ್ನು ಬೇರೆ ಮಾತುಗಳಲ್ಲಿ ಬರೆದು ಕೊಡಬೇಕಾಯಿತು. ನನ್ನದೇ ವಾಕ್ಯಗಳನ್ನು ಮುಂದಿಟ್ಟುಕೊಂಡು ಅವುಗಳ ಹಾಗೆ ಕಾಣದಂತೆ ಬರೆಯುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಮೊದಲ ಸಲ ಚೆನ್ನಾಗಿ ಹೇಳಿದ್ದನ್ನು ಎರಡನೇ ಸಲ ಬೇಕೆಂದೇ ಕೆಡಿಸಿ ಹೇಳಿದೆ. ತಪಾಸಣೆ ತೃಪ್ತಿಪಟ್ಟಿತು.

ಪರೀಕ್ಷೆ ಬರೆದೆ. ಪಾಸಾದೆ. ಹಳೆಯ ಕಡೆಗಿಂತ ಅಂಕ ಸ್ವಲ್ಪ ಕಡಿಮೆಯೇ ಬಂತು. ನೋಂದಣಿ ಖಾಯಂ ಆಗಿ, ಊರಿಗಾಂಗೆ ಹೋಗಿ ಕೂತು ಕೇಳಿಸಿಕೊಳ್ಳುವ ಕೆಲಸ ಕಡೆಗೂ ಶುರುವಾಯಿತು.

ಆಗ ಒಂದು ದಿನ ವಿಶ್ವವಿದ್ಯಾಲಯದಿಂದ ಫೋನು ಬಂತು. ತತ್ಸಮಾನ ಸಮಿತಿ ನನ್ನ ಅರ್ಜಿಯನ್ನು ಪುರಸ್ಕರಿಸಿ, ಹಳೆಯ ಕೋರ್ಸ್‌ವರ್ಕನ್ನು ಪೂರ್ತಿಯಾಗಿ ಒಪ್ಪಿಕೊಂಡಿದೆಯಂತೆ. ಪ್ರಾಧ್ಯಾಪಕಿಯನ್ನು ಕಾಣಲು ಹೋದಾಗ ಸೂಪರಿಂಟೆಂಡೆಂಟರ ಬಳಿಯೂ ಹೋದೆ.

"ನಾನು ಮತ್ತೆ ಬರೆದು ಪಾಸಾಗಿದ್ದೀನಲ್ಲ ಸಾರ್. ಈಗ ಎರಡೆರಡು ಕೋರ್ಸ್‌ವರ್ಕ್ ಆಯ್ತು. ಹೆಚ್ಚಾದ ಕ್ರೆಡಿಟ್ ಇಟ್ಕೊಂಡು ನಾನೇನು ಮಾಡ್ಲಿ?"

ಅವರು ಸಮಿತಿಯ ಒಪ್ಪಿಗೆ ಪತ್ರವನ್ನು ಮಡಿಸಿ ನನ್ನ ಕೈಗಿಟ್ಟರು.

"ಇರ್ಲಿ ಇಟ್ಕೊಳಿ ಮೇಡಂ. ನಾಳೆ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋಗೋದಾದ್ರೆ ಬೇಕಾಗುತ್ತೆ."

ಅವರು ತಮಾಷೆಗೆ ಹೇಳಿರಲಿಲ್ಲ. ನಾನು ಪತ್ರವನ್ನು ಚೀಲದಲ್ಲಿಟ್ಟುಕೊಂಡು, ಕೈಮುಗಿದು ಹೊರಗೆ ಬಂದೆ.