ಗುಂಜಿಯ ಬಾವಿಯ ಬಗ್ಗೆ ನಾನು ಹೇಳಿದ ಸುಳ್ಳು

ಗುಂಜಿ ಊರಿನ ಆ ಹೊಲದ ಬಾವಿ ಹೋಳಿ ಹುಣ್ಣಿಮೆಯ ಹೊತ್ತಿಗೆ ಬತ್ತುತ್ತದೆ ಎಂಬುದು ಕೊಳ್ಳುವ ಮೊದಲೇ ನನಗೆ ಗೊತ್ತಿತ್ತು. ನಮ್ಮ ಮನೆಯವರಿಗೆ ಹೇಳಲಿಲ್ಲ. ಹೇಳಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ — ಸುಳ್ಳು ಹೇಳಿದೆ.

ನಿವೃತ್ತಿಯಾದ ಮರುದಿನದಿಂದ ಅವರದು ಒಂದೇ ಜಪ. ಎರಡು ಎಕರೆ, ಎರಡು ಆಕಳು, ನಾಲ್ಕು ಆಡು. ಅಂಗಡಿಯಿಂದ ಉಪ್ಪು, ಕಡ್ಡಿಪೆಟ್ಟಿಗೆ ಬಿಟ್ಟು ಏನೂ ತರಬಾರದು. ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಗೆ ಯಾರೇ ಬರಲಿ, ಯಾವ ತಳಿಯ ಆಕಳು ಎಷ್ಟು ಮೇಯುತ್ತದೆ ಎಂಬ ಪಾಠ. ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಒಂದು ವಹಿಯಲ್ಲಿ ಬರೆದುಕೊಂಡಿದ್ದರು. ಸಗಣಿ ಯಾರು ಬಳಿಯಬೇಕು ಎಂಬುದೊಂದು ಮಾತ್ರ ಅದರಲ್ಲಿರಲಿಲ್ಲ. ಮುಂದಿನ ಕೋಣೆಯಲ್ಲಿ ನಾನು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದೆ — ಅದನ್ನು ಬಿಟ್ಟು ಬರುತ್ತೀಯಾ ಎಂದು ಒಂದು ಮಾತೂ ಕೇಳಲಿಲ್ಲ. ಬರುವುದಿಲ್ಲ ಎಂದು ನಾನೂ ಬಾಯಿಬಿಡಲಿಲ್ಲ. ಒಳಗೇ ಕುದ್ದೆ.

ಹೊಲ ನೋಡಲು ಹೋದೆವು. ದಿಬ್ಬದ ಮೇಲಿನ ಜಾಗ, ಸುತ್ತ ಕಾಡು. ಅವರು ಫೋಟೊ ತೆಗೆಯುವುದರಲ್ಲೇ ಮುಳುಗಿದ್ದರು. ಬಾಜೂ ಹೊಲದ ಮುದುಕಿ ನನ್ನ ಹತ್ತಿರ ಬಂದು ಮರಾಠಿಯಲ್ಲಿ ಹೇಳಿದಳು — ಈ ಬಾವಿ ಹೋಳಿ ಹುಣ್ಣಿಮೆಗೆ ಬತ್ತುತ್ತದೆ, ದನ ಕಟ್ಟುವವರಾದರೆ ಕೆಳಗೆ ಹಳ್ಳದ ದಂಡೆಯ ತುಂಡು ಹೊಲ ಮಾರಾಟಕ್ಕಿದೆ, ಅದನ್ನು ನೋಡಿ. ನಾನು ಖಾನಾಪುರದವಳು, ಮರಾಠಿ ನನಗೆ ಸಲೀಸು. ಗದಗ ಕಡೆಯ ನಮ್ಮ ಮನೆಯವರಿಗೆ ಮೂವತ್ತು ವರ್ಷ ಬೆಳಗಾವಿಯಲ್ಲಿದ್ದರೂ ಬರುವುದು ಕಾಯಿಪಲ್ಲೆ ಕೊಳ್ಳುವಷ್ಟೇ.

"ಏನ್ ಅಂತಾಳ ಆಯಿ?" ಎಂದರು.

"ನೀರು ಭಾಳ ಚಲೋ ಐತಂತ್ರಿ," ಎಂದೆ.

ಒಂದು ಬೇಸಿಗೆ ಒದ್ದಾಡಲಿ, ಹುಚ್ಚು ಇಳಿಯಲಿ, ಮನೆಗೆ ಮರಳಲಿ — ಇಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ದನಕ್ಕೂ ಬಾಯಾರುತ್ತದೆ ಎಂಬುದು ಹೊಳೆಯಲೇ ಇಲ್ಲ.

ಹೊಲ ಕೊಂಡು, ದನ ಕಟ್ಟಿ, ಅವರು ಅಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಉಳಿದರು. ಮನೆ ಕಟ್ಟುವವರೆಗೆ ಎಂದು ನಾನು ವಾರಕ್ಕೊಮ್ಮೆ ರೈಲಿನಲ್ಲಿ ಹೋಗಿಬರುತ್ತಿದ್ದೆ. ಮಳೆಗಾಲ, ಚಳಿಗಾಲ ಚೆನ್ನಾಗಿಯೇ ಕಳೆದವು. ಹೋಳಿ ಹುಣ್ಣಿಮೆಗೆ ಬಾವಿಯ ತಳದ ಕೆಸರು ಕಂಡಿತು. ಸ್ಕೂಟರಿನ ಮೇಲೆ ಕ್ಯಾನುಗಳಲ್ಲಿ ನೀರು ತಂದರು. ಸಾಲದಾದಾಗ ತುಂಬು ಗಬ್ಬದ ಆಕಳು ಗೌರಿಯನ್ನು ಕಲ್ಲಿನ ಇಳಿಜಾರಿನಲ್ಲಿ ಹಳ್ಳಕ್ಕೆ ಹೊಡೆದುಕೊಂಡು ಹೋದರು. ಅದು ಜಾರಿ ಬಿತ್ತು. ಮೂರನೆಯ ದಿನ ಸತ್ತಿತು. ಹೊಟ್ಟೆಯ ಕರುವೂ ಉಳಿಯಲಿಲ್ಲ.

ನಾನು ಹೋದಾಗ ಅವರು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದೇ ಮುದುಕಿ ನನ್ನನ್ನೇ ನೋಡುತ್ತ, ಅವತ್ತೇ ಹೇಳಿದ್ದೆನಲ್ಲ ತಾಯಿ, ಎಂದಳು — ಮರಾಠಿಯಲ್ಲೇ.

"ಏನ್ ಅಂತಾಳ?"

"ದೇವರ ಇಚ್ಛಾ ಅಂತಾಳ್ರಿ."

ಮೊದಲ ಸುಳ್ಳಿಗೆ ಸಿಟ್ಟಾದರೂ ಇತ್ತು. ಇದಕ್ಕೆ ಅದೂ ಇರಲಿಲ್ಲ.

ಹೊಲ ಬೇರೆಯವರ ಪಾಲಾಗಿ ನಾಲ್ಕು ವರ್ಷವಾಯಿತು. ಅವರು ಮನೆಗೆ ಮರಳಿದರು, ಮಾತು ಮರಳಲಿಲ್ಲ. ಅದಕ್ಕೂ ನನಗೆ ಸಿಡಿಮಿಡಿ — ಯಾರನ್ನಾದರೂ ಬೈಯಬಾರದೇ ಈ ಮನುಷ್ಯ! ಮೊನ್ನೆ ನನ್ನ ಮೈದುನ ಫೋನು ಮಾಡಿ, ಕೊಳ್ಳಲು ಒಂದು ಹೊಲ ನೋಡುವುದಿದೆ, ಬಾ ಎಂದು ಅಣ್ಣನನ್ನು ಕರೆದ.

"ನನ್ನ ಕರೀಬ್ಯಾಡಪಾ. ನನಗ ನೆಲಾನೂ ತಿಳಿಯೂದಿಲ್ಲ, ದನಾನೂ ತಿಳಿಯೂದಿಲ್ಲ," ಎಂದರು ಇವರು.

ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದೆ. ಹಿಟ್ಟಿನ ಕೈಯಲ್ಲೇ ಹೋಗಿ ಎದುರು ನಿಂತು ಎಲ್ಲ ಹೇಳಿದೆ. ಎರಡೂ ಸಲದ್ದು.

ಮೊಬೈಲು ಕೆಳಗಿಟ್ಟು, "ಬರಾಕ ಮನಸ್ಸಿಲ್ಲ ಅಂತ ಒಂದ್ ಮಾತು ಹೇಳಬೇಕಿತ್ತು," ಎಂದರು. ಎದ್ದು ಹೊರಗೆ ಹೋದರು.

ನೀವೂ ಕೇಳಬೇಕಿತ್ತು — ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಅದನ್ನು ಹೇಳುವ ಹಕ್ಕು ನನಗೆ ಉಳಿದಿಲ್ಲ.

ಮೈದುನನಿಗೆ ನಾನೇ ಫೋನು ಮಾಡಿದೆ.

"ನಿಮ್ಮಣ್ಣನ್ನ ಕರಕೊಂಡ ಹೋಗ್ರಿ. ಅವರಿಗೆ ನೆಲಾ ತಿಳಿಯೂದಿಲ್ಲ ಅನ್ನೂದು ಸುಳ್ಳು. ಅವರಿಗೆ ಸುಳ್ಳು ಹೇಳಿದಾಕಿ ನಾನು."