ಕಾದ ಕುಡುಗೋಲು, ಸಣ್ಣ ಸೂಜಿ

ಬೀದರ್ ಹತ್ತಿರದ ಕೊಳಾರದಲ್ಲಿ, ನಾನು ಮೂಟೆ ಹೊರುವ ಗೋದಾಮಿನ ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ. ಅಲ್ಲಿಂದ ಕಬ್ಬಿಣ ಕಾದ ವಾಸನೆ ಬಂತೆಂದರೆ, ಬೆನ್ನ ಮೇಲೆ ಮೂಟೆ ಇದ್ದರೂ ನನ್ನ ಬಲಗೈ ಎಡತೋಳನ್ನು ಹುಡುಕಿಕೊಂಡು ಹೋಗುತ್ತದೆ. ನೀವು ನಗಬಹುದು. ಆ ತೋಳಿಗಾಗಿ ನಾನು ಮನೆಮಂದಿಯನ್ನೆಲ್ಲ ಎದುರು ಹಾಕಿಕೊಂಡವನು.

ಕೆಲವು ವರ್ಷಗಳ ಹಿಂದೆ ಅಲ್ಲೊಂದು ಗಂಟು ಎದ್ದಿತ್ತು. ಹುಣಸೆಬೀಜದಷ್ಟಿದ್ದದ್ದು ನಿಂಬೆಯಷ್ಟಾಯಿತು. ನೋವಿರಲಿಲ್ಲ. ಆದರೆ ಶಾಲೆ ಬಿಟ್ಟಂದಿನಿಂದ ನನಗೆ ಅನ್ನ ಕೊಟ್ಟದ್ದು ಈ ತೋಳುಗಳೇ. ನನ್ನೂರು ಎಕಂಬಾದಲ್ಲಿ ನಮ್ಮದು ಕುರಿ ಸಾಕುವ ಮನೆ. ಕುರಿಗೆ ಬಾವು ಬಂದರೆ ಕಾಕಾ ಕುಡುಗೋಲಿನ ತುದಿ ಕಾಯಿಸಿ ಬರೆ ಎಳೆಯುತ್ತಾರೆ. ಮನುಷ್ಯರಿಗೂ ಅದೇ ಕುಡುಗೋಲು. ಹಬ್ಬಕ್ಕೆ ಹೋದಾಗ ಅದು ಒಲೆಯಲ್ಲಿ ಆಗಲೇ ಕೆಂಪಾಗಿತ್ತು.

“ಕೂಡು. ಕುರಿ ಸುಮ್ನ ಕೂಡ್ತದ, ನಿನಗೇನಾಗ್ಯಾದ?” ಎಂದರು ಕಾಕಾ.

“ನಾ ಕುರಿ ಅಲ್ರಿ ಕಾಕಾ. ಒಳಗ ಏನದ ಅಂತ ನೋಡದೇ ಸುಡಬ್ಯಾಡ್ರಿ.”

ಕಾಕಿ ಸೆರಗು ಬಾಯಿಗಿಟ್ಟು ನಕ್ಕರು: “ಮೂಟಿ ಹೊರೋ ಗಂಡಸನ್ನ ನೋಡ್ರಿ, ಬರಿಗೆ ಅಂಜತಾನ!”

ಅಂಜಿದ್ದು ನಿಜ. ಆದರೂ ಕೂಡಲಿಲ್ಲ. ಉಣ್ಣದೇ ಎದ್ದು ಬೀದರ್ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಂಟಿಗೆ ಸಣ್ಣ ಸೂಜಿ ಚುಚ್ಚಿ, ಹನಿ ನೀರು ಎಳೆದು, ಗಾಜಿನ ಪಟ್ಟಿಯ ಮೇಲೆ ಸವರಿದರು. “ಮುಗೀತು, ಕಣ್ಣ ತೆರೀರಿ” ಎಂದಾಗ ನನಗೇ ನಾಚಿಕೆ. ಮರುದಿನ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು: ತುಂಡು ದಾರ ಸುರುಳಿ ಸುತ್ತಿಕೊಂಡಂಥ ಹುಳದ ಮರಿಗಳು.

“ಆನೆಕಾಲಿನ ಹುಳರಿ. ಸೊಳ್ಳಿ ಕಡಿದು ಬಂದದ. ಗುಳಿಗಿ ತಗೋರಿ, ಕೊಯ್ಯೋದು ಬ್ಯಾಡ.”

ಊರಿಗೆ ಹೋಗಿ ಹೇಳಿದ್ದೇ ತಡ, ಕಾಕಿ ನನ್ನ ತಾಟು ಬೇರೆ ಇಟ್ಟರು. “ಹೌದ್ರಿ, ಹುಳಾನೇ ಅದ. ಸೊಳ್ಳಿ ನಿಮ್ಮನ್ನ ಬಿಟ್ಟದೇನ್ರಿ?” ಎಂದು ಅದೇ ತಾಟನ್ನು ನಡುಮನೆಗೆ ತಂದು, ಎಲ್ಲರ ನಡುವೆ ಕೂತು ಉಂಡೆ. ಮುಂದೆ ಗಂಟು ಕರಗಿತು.

ಇವತ್ತು ಮತ್ತೆ ಅದೇ ವಾಸನೆ, ನಡುವೆ ಫೋನು. ಮೂಟೆ ಇಳಿಸಿ ಎತ್ತಿದರೆ ಕಾಕಿಯ ಪಿಸುದನಿ.

“ಕುತ್ತಿಗ್ಯಾಗ ಗಂಟು ಎದ್ದದೋ ತಮ್ಮಾ. ನಿಮ್ಮ ಕಾಕಾ ಕುಡುಗೋಲು ಒಲ್ಯಾಗ ಇಟ್ಟಾರ.”

“ನೀವು ಬರಿಗೆ ಕೂತೀರೇನ್ರಿ?”

“ಇಲ್ಲೋ, ಹಿತ್ತಲದಾಗ ನಿಂತೀನಿ. ನನಗ ಸೂಜಿನೇ ಬೇಕು.”

ಹಳೆಯ ನಗೆಯನ್ನು ಈಗ ತಿರುಗಿಸಿ ಕೊಡಬಹುದಿತ್ತು, ನಾಲಿಗೆಯವರೆಗೂ ಬಂದಿತ್ತು. ಅವರದು ಹುಳವೋ ಇನ್ನೇನೋ, ನಾನು ಬಲ್ಲೆನೆ? ಅದನ್ನು ಸೂಜಿ ಹೇಳಲಿ. ಕುಡುಗೋಲು ಹೇಳುವುದು ಬೇಡ.

“ಅಲ್ಲೇ ನಿಲ್ರಿ ಕಾಕಿ. ನಾ ಬರೋತನಕ ಒಳಗ ಹೋಗಬ್ಯಾಡ್ರಿ.”

ಕಾದ ಕಬ್ಬಿಣದ ವಾಸನೆ ಇನ್ನೂ ಗಾಳಿಯಲ್ಲಿತ್ತು. ಈ ಸಲ ಕೈ ತೋಳಿಗೆ ಹೋಗಲಿಲ್ಲ, ಗಾಡಿಯ ಚಾವಿಗೆ ಹೋಯಿತು.